ಬೆಲೆ ತೆರದ ಅಮರತ್ವ

ಕೆಟ್ಟ ಪುಸ್ತಕವು ಓದುಗನನ್ನು ನಿರಾಶೆಗೊಳಿಸುವುದಿಲ್ಲ. ಅವನು ಅದನ್ನು ಬದಿಗಿಟ್ಟು ಬೇರೊಂದನ್ನು ಕೈಗೆತ್ತಿಕೊಳ್ಳುತ್ತಾನೆ. ದೊಡ್ಡದೇನನ್ನೋ ಕೊಡುವೆನೆಂದು ಮಾತುಕೊಟ್ಟ ಪುಸ್ತಕ ಕೊನೆಗೆ ಬರಿಗೈಯಲ್ಲಿ ಕಳಿಸಿದಾಗಲೇ ನಿಜವಾದ ನಿರಾಶೆ. ಅಮೆರಿಕದ ಲೇಖಕಿ ಸ್ಟೆಫನಿ ಮೇಯರ್ 2005ರಲ್ಲಿ ಪ್ರಕಟಿಸಿದ ‘ಟ್ವೈಲೈಟ್’ ಕಾದಂಬರಿ ಅಂತಹ ಪುಸ್ತಕಗಳ ಸಾಲಿಗೆ ಸೇರುತ್ತದೆ. 2008ರ ವೇಳೆಗೆ ನಾಲ್ಕು ಸಂಪುಟಗಳಾಗಿ ಬೆಳೆದ ಈ ಕಥೆಯ 10 ಕೋಟಿಗೂ ಮಿಕ್ಕಿದ ಪ್ರತಿಗಳು ಜಗತ್ತಿನಾದ್ಯಂತ ಮಾರಾಟವಾದವು. ಅದರಿಂದ ಚಲನಚಿತ್ರಗಳೂ ಹುಟ್ಟಿದವು. ಚಿಕ್ಕಪಡಸಲಗಿಯಿಂದ ಜಮಖಂಡಿಯ ಕಾಲೇಜಿಗೆ ಹೋಗಿಬರುವ ಹುಡುಗಿಯೊಬ್ಬಳ ಮೊಬೈಲಿಗೂ ಅದು ಇಂದು ದೂರದ ವಸ್ತುವಲ್ಲ. ಅವಳು ಅದನ್ನು ಓದಲೇಬಾರದೆಂದು ಕಟ್ಟಪ್ಪಣೆ ಮಾಡುವುದು ಸುಲಭ, ಆದರೆ ವ್ಯರ್ಥ. ಓದಿ ಮುಗಿಸಿದ ಮೇಲೆ ಅವಳ ಮನಸ್ಸಿನಲ್ಲಿ ಉಳಿಯಬಹುದಾದ ಅತೃಪ್ತಿಗೆ ಕಾರಣವೇನೆಂದು ವಿಚಾರಿಸುವುದು ಲೇಸು.

ಕಥಾವಸ್ತು ಸರಳವಾದುದು. ಹದಿನೇಳರ ಬೆಲ್ಲಾ, ಸದಾ ಮಳೆ ಸುರಿಯುವ ಫೋರ್ಕ್ಸ್ ಎಂಬ ಸಣ್ಣ ಊರಿಗೆ ತಂದೆಯ ಬಳಿ ಬಂದು ನೆಲೆಸುತ್ತಾಳೆ. ಅವಳ ಸಹಪಾಠಿ ಎಡ್ವರ್ಡ್ ಮನುಷ್ಯನಲ್ಲ, ರಕ್ತಪಿಪಾಸು. 1918ರ ಮಹಾ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸಾಯಬೇಕಾಗಿದ್ದವನು ಹದಿನೇಳರ ವಯಸ್ಸಿನಲ್ಲಿಯೇ ನಿಂತುಹೋಗಿದ್ದಾನೆ. ಅವನ ಮನೆಯವರು ಮನುಷ್ಯರ ರಕ್ತವನ್ನು ತ್ಯಜಿಸಿ ಕಾಡುಪ್ರಾಣಿಗಳ ರಕ್ತದಿಂದ ಬದುಕುವ ವ್ರತಧಾರಿಗಳು. ತಾನು ಒಲಿದವಳೇ ತನ್ನ ಅತ್ಯಂತ ಪ್ರಿಯವಾದ ಆಹಾರವೂ ಆಗಿರುವುದು ಅವನ ಸಂಕಟ. ಸಮರ್ಥನಾದ ಯಾವ ಕಾದಂಬರಿಕಾರನೂ ಅಸೂಯೆಪಡಬಹುದಾದ ಬೀಜವಿದು. ಮೊದಲ ಒಲವಿನ ತಲ್ಲಣವನ್ನು ಲೇಖಕಿ ನಿಜವಾಗಿ ಬಲ್ಲಳು. ಎರಡನೆಯ ಸಂಪುಟದಲ್ಲಿ ಎಡ್ವರ್ಡ್ ಬಿಟ್ಟುಹೋದ ಬಳಿಕ ಕೆಲವು ಪುಟಗಳಲ್ಲಿ ತಿಂಗಳ ಹೆಸರೊಂದನ್ನು ಬಿಟ್ಟರೆ ಮತ್ತೇನೂ ಇಲ್ಲ. ಆ ಬರಿಯ ಪುಟಗಳನ್ನು ಸುಳ್ಳೆನ್ನುವವರು ತಮ್ಮ ಹದಿಹರೆಯವನ್ನು ಮರೆತವರೇ ಇರಬೇಕು.

ಆದರೆ ಈ ಬೀಜ ಬೆಳೆಯುವುದಿಲ್ಲ. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಕಾದಂಬರಿಯಲ್ಲಿ, ಮನೆಯವರಾರಾದರೂ ಮೊದಲೊಮ್ಮೆ ಕರೆಯದ ಹೊರತು ರಕ್ತಪಿಪಾಸು ಹೊಸ್ತಿಲು ದಾಟಲಾರ. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳ ಜನ ಕದಗಳ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡದ್ದುಂಟು. ಪರಿಚಿತರ ದನಿಯಲ್ಲಿ ಕೂಗುವ ಪಿಶಾಚಿಗೆ ಕೊಟ್ಟ ಉತ್ತರವದು. ಅದು ಮೂಢನಂಬಿಕೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಳಗಿರುವವರಿಗೆ ಒಲ್ಲೆನೆನ್ನುವ ಅಧಿಕಾರವುಂಟೆಂಬ ತಿಳಿವಳಿಕೆ ಆ ಎರಡು ಶಬ್ದಗಳಲ್ಲಿದೆ. ಎಡ್ವರ್ಡನಾದರೋ ಬೆಲ್ಲಾಳಿಗೆ ತಿಳಿಯದಂತೆ ರಾತ್ರಿಯ ವೇಳೆ ಅವಳ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತ ನಿಲ್ಲುತ್ತಾನೆ. ಇದನ್ನು ಅರಿತಾಗ ಅವಳಿಗೆ ಭಯವಾಗಲಿ ಕೋಪವಾಗಲಿ ಬರುವುದಿಲ್ಲ, ಬರುವುದು ಹೆಮ್ಮೆ! ಚಿಕ್ಕಪಡಸಲಗಿಯ ಹುಡುಗಿಗೆ ಇಂತಹ ನೋಟಗಳು ಕಥೆಯ ವಸ್ತುವಲ್ಲ. ಬಸ್ ನಿಲ್ದಾಣದಿಂದ ಮನೆಯವರೆಗಿನ ದಾರಿಯಲ್ಲಿ ಅವಳು ಅವುಗಳನ್ನು ಬಲ್ಲಳು. ಅದನ್ನೇ ಒಲವೆಂದು ಕರೆಯುವ ಪುಸ್ತಕ ಅವಳ ಅನುಭವಕ್ಕೆ ದ್ರೋಹ ಬಗೆದಂತೆ.

ಇನ್ನು ಆ ನೂರು ವರ್ಷಗಳ ವಿಷಯ. ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳನ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನಿಗೆ ಕೊಟ್ಟ ಹೆಸರೂ ‘ವ್ಯಾಂಪೈರ್’ ಎಂದೇ. ‘ಚಂದಮಾಮ’ದ ಮೂಲಕ ಕನ್ನಡದ ಮಕ್ಕಳು ಬಲ್ಲ ಆ ಬೇತಾಳ, ವಿಕ್ರಮನ ಹೆಗಲೇರಿ ಒಂದಾದ ಮೇಲೊಂದು ಧರ್ಮಸೂಕ್ಷ್ಮದ ಪ್ರಶ್ನೆ ಕೇಳುತ್ತಾನೆ; ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಸಿಡಿದುಹೋಗುವುದೆಂದು ಎಚ್ಚರಿಸುತ್ತಾನೆ. ಎಡ್ವರ್ಡ್ ಎರಡು ಮಹಾಯುದ್ಧಗಳ ಕಾಲವನ್ನು ಹಾದುಬಂದವನು, ಮತ್ತೆ ಮತ್ತೆ ಶಾಲೆಗೆ ಸೇರಿದವನು. ಪಿಯಾನೊ ಬಲ್ಲ, ಅನ್ಯರ ಮನಸ್ಸನ್ನೂ ಓದಬಲ್ಲ. ಇಷ್ಟಾದರೂ ಈ ಶತಾಯುಷಿ ಆ ಹುಡುಗಿಯ ಬುದ್ಧಿಯನ್ನು ಹರಿತಗೊಳಿಸುವ ಒಂದು ಪ್ರಶ್ನೆಯನ್ನಾದರೂ ಕೇಳುವನೆಂದು ಕಾಯುವ ಓದುಗರು ಕಾಯುತ್ತಲೇ ಇರಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸುವುದು ಬೆಲೆಯ ಪ್ರಶ್ನೆ. ಚಿಕ್ಕಪಡಸಲಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ರೈತರು ತಮ್ಮ ಹಣ ಸುರಿದು, ಮೈ ಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಊರದು. ‘ಶ್ರಮಬಿಂದು ಸಾಗರ’ ಎಂಬ ಹೆಸರಿನಲ್ಲಿಯೇ ಅದರ ಬೆಲೆ ಬರೆದಿದೆ. ಮೇಯರ್ ಕೂಡ ಆರಂಭದಲ್ಲಿ ದೊಡ್ಡ ಬೆಲೆಯನ್ನೇ ಹೇಳುತ್ತಾಳೆ. ಹೊಸದಾಗಿ ರಕ್ತಪಿಪಾಸುವಾದವರು ದಾಹದಿಂದ ಉನ್ಮತ್ತರಾಗುವರು, ಬಂಧುಗಳನ್ನು ತೊರೆಯಬೇಕಾಗುವುದು, ಆತ್ಮವನ್ನೇ ಕಳೆದುಕೊಳ್ಳಬೇಕಾದೀತು ಎಂದೆಲ್ಲ ಮೂರು ಸಂಪುಟಗಳುದ್ದಕ್ಕೂ ಹೆದರಿಸುತ್ತಾಳೆ. ನಾಲ್ಕನೆಯದರಲ್ಲಿ ಸಾಲವೆಲ್ಲ ಮನ್ನಾ! ಬೆಲ್ಲಾ ಮೊದಲ ದಿನವೇ ದಾಹವನ್ನು ಗೆಲ್ಲುತ್ತಾಳೆ. ತಂದೆ ಅವಳ ಪಾಲಿಗೆ ಉಳಿಯುತ್ತಾನೆ. ರೂಪ, ಸಂಪತ್ತು, ಮಗು ಎಲ್ಲವೂ ಕೈಸೇರುತ್ತವೆ. ನೂರಾರು ಪುಟಗಳ ಸಿದ್ಧತೆಯಾದ ಯುದ್ಧ ನಡೆಯುವುದೇ ಇಲ್ಲ. ಹೆರಿಗೆಯ ಘೋರವಾದ ನೋವನ್ನು ಅವಳು ಉಣ್ಣುವುದು ನಿಜ. ಆದರೆ ನೋವು ಬೇರೆ, ನಷ್ಟ ಬೇರೆ.

ಅವಳು ನಿಜವಾಗಿಯೂ ಕಳೆದುಕೊಳ್ಳುವುದು ಒಂದುಂಟು. ಅದನ್ನು ಪುಸ್ತಕ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಾರ್ಟ್‌ಮತ್ ಎಂಬ ಹೆಸರಾಂತ ಕಾಲೇಜಿನಲ್ಲಿ ಅವಳಿಗೆ ಪ್ರವೇಶ ದೊರೆತಿರುತ್ತದೆ. ಓದೆಂದು ಒತ್ತಾಯಿಸುವವನು ಎಡ್ವರ್ಡನೇ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಅವಳಿಗೆ ಮಾತ್ರ ಆ ಕಾಲೇಜು ತಂದೆತಾಯಿಗಳಿಗೆ ಹೇಳಲೊಂದು ನೆವ. ಹೈಸ್ಕೂಲು ಮುಗಿದೊಡನೆ ಮದುವೆಯಾಗಿ ಪಶ್ಚಾತ್ತಾಪಪಟ್ಟ ತಾಯಿ, ಆ ತಪ್ಪು ಮಗಳಿಂದ ಆಗಬಾರದೆಂದು ಬುದ್ಧಿ ಹೇಳಿ ಬೆಳೆಸಿರುತ್ತಾಳೆ. ಆ ತಾಯಿಯೇ ಹದಿನೆಂಟರ ಮಗಳ ಮದುವೆಗೆ ನಗುನಗುತ್ತ ಒಪ್ಪಿಬಿಡುತ್ತಾಳೆ. ಎದ್ದ ಪ್ರಶ್ನೆ ಅಲ್ಲಿಗೇ ಮಲಗುತ್ತದೆ. ಹದಿನೆಂಟು ತುಂಬುವುದನ್ನೇ ಕಾಯ್ದು ವರನನ್ನು ಹುಡುಕುವ ಮನೆಗಳು ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೂ ಉಂಟು. ಅಂತಹ ಮನೆಯಲ್ಲಿ ಪದವಿಗಾಗಿ ಹಟ ಹಿಡಿದು ಕುಳಿತವಳಿಗೆ, ಬೆಲ್ಲಾ ಅಷ್ಟು ಹಗುರಾಗಿ ಎಸೆದುದು ಏನೆಂಬುದು ಲೇಖಕಿಗಿಂತ ಚೆನ್ನಾಗಿ ಗೊತ್ತು.

ಜನಪ್ರಿಯ ಕಾದಂಬರಿಯಿಂದ ಇಷ್ಟೆಲ್ಲ ಬಯಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಮಹಿಳೆಯರು ಬರೆದುದನ್ನು ‘ಅಡುಗೆಮನೆ ಸಾಹಿತ್ಯ’ವೆಂದು ಮೂಗುಮುರಿದ ಕಾಲ ಕನ್ನಡದಲ್ಲಿಯೂ ಇತ್ತು. ಅದೇ ಕಾಲದಲ್ಲಿ ತ್ರಿವೇಣಿಯವರ ‘ಶರಪಂಜರ’ವನ್ನು ಹೆಣ್ಣುಮಕ್ಕಳು ಒಬ್ಬರಿಂದೊಬ್ಬರು ಕಡ ತಂದು ಓದಿದರು. ಕಾವೇರಿ ಮನೋರೋಗದಿಂದ ಗುಣವಾಗಿ ಮರಳಿದರೂ ಮನೆ ಅವಳನ್ನು ಮೊದಲಿನಂತೆ ಒಳಕ್ಕೆ ಸೇರಿಸಿಕೊಳ್ಳುವುದಿಲ್ಲ. ತ್ರಿವೇಣಿ ಅವಳಿಗೆ ಯಾವ ಮನ್ನಾವನ್ನೂ ಕೊಡಲಿಲ್ಲ. ಓದುಗರು ಅದಕ್ಕಾಗಿ ಅವರನ್ನು ಕೈಬಿಡಲೂ ಇಲ್ಲ.

ಬೆಲೆ ತೆಗೆದುಕೊಳ್ಳುವುದು ಮೇಯರ್‌ಗೆ ಬಾರದ ವಿದ್ಯೆಯೇನೂ ಅಲ್ಲ. ‘ಟ್ವೈಲೈಟ್’ಗೆ ಹತ್ತು ವರ್ಷ ತುಂಬಿದ 2015ರಲ್ಲಿ ಅವಳು ಅದೇ ಕಥೆಯನ್ನು ಗಂಡುಹೆಣ್ಣುಗಳನ್ನು ಅದಲುಬದಲು ಮಾಡಿ ‘ಲೈಫ್ ಆ್ಯಂಡ್ ಡೆತ್’ ಎಂಬ ಹೆಸರಿನಲ್ಲಿ ಮತ್ತೆ ಬರೆದಳು. ಅಲ್ಲಿ ಬೆಲ್ಲಾಳ ಸ್ಥಾನದಲ್ಲಿ ಬೋ ಎಂಬ ಹುಡುಗನಿದ್ದಾನೆ. ಕೊನೆಯಲ್ಲಿ ಅವನು ರಕ್ತಪಿಪಾಸುವಾಗುತ್ತಾನೆ; ಮಗ ಸತ್ತನೆಂದೇ ತಂದೆತಾಯಿಗಳು ನಂಬುತ್ತಾರೆ. ಅವರು ತನ್ನ ಅಂತ್ಯಸಂಸ್ಕಾರ ನಡೆಸುತ್ತಿರುವುದನ್ನು ಅವನು ದೂರದಲ್ಲಿ ಅಡಗಿ ನೋಡುತ್ತಾನೆ, ಹತ್ತಿರ ಹೋಗುವಂತಿಲ್ಲ. ಇಡೀ ಸರಣಿಯಲ್ಲಿ ಅಮರತ್ವದ ಬೆಲೆ ಕಣ್ಣಿಗೆ ಕಟ್ಟುವುದು ಆ ಕೆಲವು ಪುಟಗಳಲ್ಲಿ. ಅಂತಹ ಪುಟಗಳು ಬೆಲ್ಲಾಳ ಕಥೆಗೆ ಏಕೆ ದೊರೆಯಲಿಲ್ಲವೆಂದು ಕೇಳುವ ಹಕ್ಕು, ಅವಳೊಡನೆ ನಾಲ್ಕು ಸಂಪುಟ ನಡೆದುಬಂದ ಹುಡುಗಿಯರಿಗೆ ಇದ್ದೇ ಇದೆ.