ಓದು ಬಿಟ್ಟವರಿಗೂ ಸೇನಾ ಶಿಸ್ತು: ಅಮೆರಿಕದಲ್ಲಿದೆ, ನಮ್ಮಲ್ಲಿ?

ಅಮೆರಿಕದಲ್ಲಿ 1993ರಿಂದ ‘ನ್ಯಾಷನಲ್ ಗಾರ್ಡ್ ಯೂತ್ ಚಾಲೆಂಜ್’ ಅಂತ ಒಂದು ಸರ್ಕಾರಿ ಕಾರ್ಯಕ್ರಮ ನಡೀತಿದೆ. 16ರಿಂದ 18 ವರ್ಷದೊಳಗೆ ಶಾಲೆ ಬಿಟ್ಟಿರೋದೇ ಇಲ್ಲಿ ಅರ್ಹತೆ! ಐದೂವರೆ ತಿಂಗಳು ಕ್ಯಾಂಪಿನಲ್ಲೇ ವಾಸ, ಡ್ರಿಲ್ ಜತೆ ಪಾಠ. ಫೀಸಿಲ್ಲ, ಸೈನ್ಯಕ್ಕೆ ಸೇರಲೇಬೇಕು ಅಂತಲೂ ಇಲ್ಲ. ಖರ್ಚಿನಲ್ಲಿ ಶೇ 75 ಕೇಂದ್ರದ್ದು, ಉಳಿದದ್ದು ರಾಜ್ಯದ್ದು.

ಬರೀ ಡ್ರಿಲ್‌ಗೇ ಸುರಿದಿದ್ದರೆ ದುಡ್ಡು ದಂಡ. ಅಪರಾಧ ಮಾಡಿದ ಹುಡುಗರಿಗೆ ಅಲ್ಲೇ ನಡೆಸಿದ ‘ಬೂಟ್ ಕ್ಯಾಂಪ್’ಗಳು ಹಾಗೇ ಸೋತಿದ್ದವು. ಚಾಲೆಂಜ್‌ನಲ್ಲಿ ಕ್ಯಾಂಪ್ ಮುಗಿದ ಮೇಲೂ ಒಂದು ವರ್ಷ, ಪರಿಚಯದ ಹಿರಿಯರೊಬ್ಬರು ಹುಡುಗನ ಬೆನ್ನಿಗಿರ್ತಾರೆ. ಮೂರು ವರ್ಷದ ನಂತರ ಲೆಕ್ಕ ಹಾಕಿದಾಗ, ಸೀಟು ಸಿಕ್ಕವರ ಗಳಿಕೆ ಸಿಗದವರಿಗಿಂತ ಶೇ 20ರಷ್ಟು ಹೆಚ್ಚಿತ್ತು.

ನಮ್ಮ ಎನ್‌ಸಿಸಿ ಒಳ್ಳೇದೇ. ಆದರೆ ಸಿಗೋದು ಶಾಲೆ, ಕಾಲೇಜಿನ ಮೂಲಕ. ಎಸ್ಸೆಸ್ಸೆಲ್ಸಿ ಫೇಲಾಗಿ ಗ್ಯಾರೇಜ್ ಸೇರಿದ ಹುಡುಗನಿಗೆ ಯಾವ ಬಜೆಟ್ಟಿನಲ್ಲಿ ದುಡ್ಡಿಡ್ತಾರೆ ಅಂತ ಶಾಸಕರನ್ನ ಕೇಳಬೇಕಾದ್ದು ಈಗ.