ಕೋರ್ಟು ಅಪ್ಪಂದಿರಿಗೆ, ಟ್ರ್ಯಾಕು ಅಮ್ಮಂದಿರಿಗೆ

ಬೆಳಗಿನ ಐದೂವರೆಗೆ ನಮ್ಮ ತಾಲ್ಲೂಕು ಕ್ರೀಡಾಂಗಣದ ಶಟಲ್ ಕೋರ್ಟಿನಲ್ಲಿ ದೀಪ ಹತ್ತುತ್ತದೆ. ಆಡುವವರು ನಿವೃತ್ತ ಮೇಷ್ಟ್ರುಗಳು, ಮಂಡಿ ಸಾಹುಕಾರರು. ಎಪ್ಪತ್ತು ದಾಟಿದವರೂ ಒಂದು ಪಾಯಿಂಟಿಗೆ ಜಗಳಕ್ಕೆ ನಿಲ್ಲುತ್ತಾರೆ, ನೋಡಲು ಖುಷಿ. ಅವರ ಮನೆಯ ಹೆಂಗಸರು ಅದೇ ಹೊತ್ತಿಗೆ ಹೊರಗೆ ಸ್ವೆಟರ್ ಹಾಕಿಕೊಂಡು ಟ್ರ್ಯಾಕ್ ಸುತ್ತುತ್ತಿರುತ್ತಾರೆ. ಸುದ್ದಿಗೆಂದು ಎಷ್ಟೋ ಸಲ ಅಲ್ಲಿಗೆ ಹೋದ ನಮಗೂ ಇದು ವಿಚಿತ್ರ ಅನ್ನಿಸಿರಲಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಇವತ್ತಿಗೂ ವಾಕರ್ ಬಿಟ್ಟು ನಡೆಯಲಾರರು. ಒಂದು ದಿನವೂ ವಾಕಿಂಗ್ ತಪ್ಪಿಸಿದವರಲ್ಲ!

ಮುಟ್ಟು ನಿಂತ ಮೇಲಿನ ಕೆಲವು ವರ್ಷ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೆಯದೇ. ಆದರೆ ಮೂಳೆ ದಿನಾ ಅಭ್ಯಾಸವಾದ ಭಾರಕ್ಕೆ ಅಷ್ಟಾಗಿ ಓಗೊಡುವುದಿಲ್ಲ. ಹಾರಿ ಇಳಿದಾಗ, ಓಡುತ್ತ ಗಕ್ಕನೆ ನಿಂತು ಪಕ್ಕಕ್ಕೆ ತಿರುಗಿದಾಗ ಬೀಳುವ ಪೆಟ್ಟು ಅದನ್ನು ಎಚ್ಚರಿಸುತ್ತದೆ. ಟೆನಿಸ್ ಆಟಗಾರರ ರಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ಗಟ್ಟಿ. ಅದೇ ದೇಹ, ಅದೇ ಊಟ, ವ್ಯತ್ಯಾಸ ಮಾತ್ರ ಆಟದ್ದು. ಇದು ಹರೆಯದವರ ಕತೆಯಷ್ಟೇ ಅಲ್ಲ. ಡೆನ್ಮಾರ್ಕಿನಲ್ಲಿ 65ರಿಂದ 75 ವರ್ಷದವರಿಗೆ ಒಂದು ವರ್ಷ ಫುಟ್‌ಬಾಲ್ ಆಡಿಸಿ ಅಳೆದರು. ಸೊಂಟದ ಬಳಿಯ ತೊಡೆಮೂಳೆಯ ಸಾಂದ್ರತೆ ಏರಿತ್ತು. (ಅಲ್ಲೂ ಆಡಿದವರು ಗಂಡಸರೇ ಅನ್ನಿ.) ಹೆಂಗಸರಿಗೆ ಅಷ್ಟೇ ಲಾಭ ಸಿಗುತ್ತದೆಂದು ನಾವು ಹೇಳುತ್ತಿಲ್ಲ. ಸವೆತ ನಿಧಾನವಾಗಿ, ಕಾಲಿಗೆ ಹಿಡಿತ ಬಂದು, ಬೀಳುವುದು ಕಡಿಮೆಯಾದರೂ ಸಣ್ಣ ಮಾತಲ್ಲ.

'ಹೊಲ, ಮನೆ ಅಂತ ದುಡೀತಾರಲ್ಲ, ಇನ್ನು ಆಟ ಬೇರೆ ಯಾಕೆ?' ಅನ್ನುವವರಿದ್ದಾರೆ. ಕಳೆ ಕೀಳುವಾಗ, ಪಾತ್ರೆ ತೊಳೆಯುವಾಗ ಬೆನ್ನು ಬಗ್ಗುತ್ತದೆ, ಮಂಡಿ ಸೋಲುತ್ತದೆ, ಆದರೆ ಯಾರೂ ಹಾರುವುದಿಲ್ಲ. ಕೊನೆಯ ಸಲ ಅವರು ಹಾರಿದ್ದು ಲಂಗ ಎತ್ತಿ ಕಟ್ಟಿ ಕುಂಟೆಬಿಲ್ಲೆ ಆಡಿದಾಗ.

ಎಲ್ಲರೂ ನಾಳೆಯೇ ಸ್ಮ್ಯಾಶ್ ಹೊಡೆಯಬೇಕಿಲ್ಲ. ಹಿಂದೆ ಮೂಳೆ ಮುರಿದವರು, ಮೂಳೆ ತೀರಾ ಸವೆದವರು ಡಾಕ್ಟರನ್ನು ಕೇಳಿಯೇ ಇಳಿಯಬೇಕು. ಉಳಿದವರು ಮೆಲ್ಲಗೆ ಶುರು ಮಾಡಬಹುದು. ಅದಕ್ಕೆ ವಾರದಲ್ಲಿ ಮೂರು ದಿನ, ಬೆಳಗ್ಗೆ ಒಂದು ತಾಸು ಕೋರ್ಟು ಐವತ್ತು ದಾಟಿದ ಹೆಂಗಸರಿಗೇ ಬೇಕು. ಈ ಮಾತೆತ್ತಿದಾಗ ಹಿರಿಯ ಆಟಗಾರರೊಬ್ಬರು, 'ಬರಬೇಡಿ ಅಂದವರ್ಯಾರು? ಎಂಟರ ಮೇಲೆ ಖಾಲಿಯೇ ಇರುತ್ತೆ' ಎಂದರು. ಎಂಟಕ್ಕೆ ಅವರಿಗೆ ಮನೆಯಲ್ಲಿ ತಿಂಡಿ ಆಗಿರಬೇಕು.