ಕೀಬೋರ್ಡ್ ಒಪ್ಪದ ತಂಬೂರಿ

ಮನೆಗೆ ಕೀಬೋರ್ಡ್ ಬಂದಿದೆ. ಅದರಲ್ಲಿ ಪಿಯಾನೊ, ಕೊಳಲು, ಪಿಟೀಲು ಎಲ್ಲವೂ ಇವೆ. ಜತೆಗೆ ‘ಸ್ಯಾಂಪ್ಲಿಂಗ್’ ಎಂಬ ಸೌಲಭ್ಯವೂ ಇದೆ. ಅಂದರೆ ಹೊರಗಿನ ಯಾವುದೇ ಧ್ವನಿಯನ್ನು ಅದರೊಳಗೆ ತುಂಬಿ, ಅದನ್ನೇ ಮನೆಗಳ ಮೇಲೆ ನುಡಿಸಬಹುದು. (ಹಾರ್ಮೋನಿಯಂನವರ ಮಾತಿನಲ್ಲಿ ಮನೆ ಎಂದರೆ ಕೀಲಿ.) ಸರಿ, ತಂಬೂರಿಯ ನಾದವನ್ನೋ ಗಂಟೆಯ ಸದ್ದನ್ನೋ ಮೊಬೈಲಿನಲ್ಲಿ ಮುದ್ರಿಸಿ, ಪೆನ್ ಡ್ರೈವಿಗೆ ಹಾಕಿ, ಕೀಬೋರ್ಡಿಗೆ ಚುಚ್ಚಿದರೆ? ಪರದೆಯ ಮೇಲೆ ಕಡತವೇ ಕಾಣದು. ಕಂಡರೂ ತೆರೆಯದು. ತೆರೆದರೂ ಶ್ರುತಿ ಸೇರದು. ಶಾಲಾ ವಾರ್ಷಿಕೋತ್ಸವ ನಾಳಿದ್ದು! ಯಂತ್ರವೇ ಕೆಟ್ಟಿದೆಯೆಂದು ಅಪ್ಪ ಅಂಗಡಿಗೆ ಹೊರಡುತ್ತಾರೆ.

ಸ್ವಲ್ಪ ತಾಳಿ. ಇಂಥ ಬಹುಪಾಲು ಪ್ರಸಂಗಗಳಲ್ಲಿ ಯಂತ್ರ ನಿರ್ದೋಷಿ. ದೋಷವಿರುವುದು ಕಡತದಲ್ಲಿ. ಅದನ್ನು ಹುಡುಕಲು ಹೈಸ್ಕೂಲಿನ ‘ಶಬ್ದ’ ಪಾಠವೇ ಸಾಕು.

ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಅಂಕಿಗಳನ್ನಷ್ಟೇ ಬಲ್ಲ ಯಂತ್ರ ಈ ಏರಿಳಿತವನ್ನು ಒಂದು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಬರೆದಿಟ್ಟುಕೊಳ್ಳುತ್ತದೆ. ಸಿ.ಡಿ.ಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಬಾರಿ. ಅಷ್ಟೇಕೆ? ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳಿಸುತ್ತದೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಅದರ ಆವೃತ್ತಿಯ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆಯಬೇಕು. ಪ್ರತಿ ಅಳತೆಗೂ 16 ಬಿಟ್‌ ಕೊಟ್ಟರೆ 65,536 ಮೆಟ್ಟಿಲುಗಳು ಸಿಗುತ್ತವೆ. 1979ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಫೇರ್‌ಲೈಟ್ ಎಂಬ ಯಂತ್ರಕ್ಕಿದ್ದದ್ದು ಎಂಟೇ ಬಿಟ್, ಅಂದರೆ 256 ಮೆಟ್ಟಿಲು. 80ರ ದಶಕದ ನಡುವಿನಲ್ಲಿ ಬಂದ ಕ್ಯಾಸಿಯೊ ಎಸ್‌ಕೆ-1 ಎಂಬ ಪುಟ್ಟ ಕೀಬೋರ್ಡ್ ಒಂದೂವರೆ ಸೆಕೆಂಡಿನಷ್ಟು ಧ್ವನಿಯನ್ನೂ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಆದರೂ ಮಕ್ಕಳು ಅದರಲ್ಲಿ ನಾಯಿ ಬೊಗಳುವ ಸದ್ದು ತುಂಬಿಸಿ ಹಾಡು ನುಡಿಸಿ ನಕ್ಕಿದ್ದುಂಟು.

ಈಗ ತೊಂದರೆಗಳಿಗೆ ಬರೋಣ. ಕಡತವೇ ಕಾಣದಿದ್ದರೆ ಮೊದಲು ಪೆನ್ ಡ್ರೈವನ್ನು ಅನುಮಾನಿಸಿ. ಅನೇಕ ಕೀಬೋರ್ಡುಗಳಿಗೆ ಅರ್ಥವಾಗುವುದು ಫ್ಯಾಟ್-32 ಎಂಬ ಜೋಡಣೆ ಮಾತ್ರ. ಕಂಪ್ಯೂಟರಿನಲ್ಲಿ ಸರಾಗವಾಗಿ ತೆರೆಯುವ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಡ್ರೈವ್ ಅವುಗಳ ಪಾಲಿಗೆ ಬರಿಯ ಪ್ಲಾಸ್ಟಿಕ್ ತುಂಡು. ಆಗ ಕೀಬೋರ್ಡ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಬಹುದು. ಇಲ್ಲಿ ಬೆರಳನ್ನು ಹಿಂದಕ್ಕೆಳೆಯಿರಿ! ಹೌದೆಂದರೆ ಡ್ರೈವಿನಲ್ಲಿದ್ದದ್ದೆಲ್ಲ ಹೋಗುತ್ತದೆ. ಅಜ್ಜಿಯ ತಂಬೂರಿ ಮೌನವಾಗಿ ವರ್ಷಗಳಾಗಿ, ಆಕೆ ನುಡಿಸಿದ ನಾಲ್ಕು ನಿಮಿಷ ಆ ಡ್ರೈವಿನಲ್ಲಿ ಮಾತ್ರ ಉಳಿದಿದ್ದರೆ, ಅದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಮೊದಲು ಬೇರೆಡೆ ಎರಡು ಪ್ರತಿ ಮಾಡಿಟ್ಟುಕೊಳ್ಳಿ. ಪ್ರಯೋಗಕ್ಕೆ ಖಾಲಿ ಡ್ರೈವ್ ಬಳಸಿ.

ಕಡತ ಕಂಡರೂ ತೆರೆಯದಿದ್ದರೆ? ಮೊಬೈಲುಗಳು ಸಾಮಾನ್ಯವಾಗಿ ಧ್ವನಿಯನ್ನು ಹಿಂಡಿ ಚಿಕ್ಕದಾಗಿಸಿ ಇಡುತ್ತವೆ. ಕೀಬೋರ್ಡ್ ಕೇಳುವುದು ಹಿಂಡದ ‘ವೇವ್’ ಕಡತವನ್ನು. ಇದು 1991ರಲ್ಲಿ ಮೈಕ್ರೊಸಾಫ್ಟ್ ಮತ್ತು ಐಬಿಎಂ ಕಂಪನಿಗಳು ರೂಪಿಸಿದ ಕ್ರಮ. ಕೆಲವು ಜಾಣರು ಎಂಪಿ-3 ಕಡತದ ಹೆಸರಿನ ಬಾಲವನ್ನಷ್ಟೇ ಅಳಿಸಿ ‘ವೇವ್’ ಎಂದು ಬರೆಯುತ್ತಾರೆ. ರಾಗಿ ಚೀಲದ ಮೇಲೆ ಅಕ್ಕಿ ಎಂದು ಬರೆದರೆ ಅನ್ನವಾದೀತೆ? ನಿಜವಾದ ವೇವ್ ಕಡತದ ಆರಂಭದಲ್ಲೇ ಅದರ ಜಾತಕವಿರುತ್ತದೆ: ಎಷ್ಟು ಬಿಟ್, ಸೆಕೆಂಡಿಗೆ ಎಷ್ಟು ಅಳತೆ, ಒಂದು ವಾಹಿನಿಯೋ ಎರಡೋ ಎಂದು. ಕೀಬೋರ್ಡ್ ಓದುವುದು ಅದನ್ನೇ. ‘ಆಡಾಸಿಟಿ’ಯಂಥ ಉಚಿತ ತಂತ್ರಾಂಶದಲ್ಲಿ ಧ್ವನಿಯನ್ನು ತೆರೆದು 16 ಬಿಟ್ ವೇವ್ ಆಗಿ ಹೊರತೆಗೆದರೆ ಕೆಲಸವಾದೀತು. 24 ಅಥವಾ 32 ಬಿಟ್‌ನದು ಹೆಚ್ಚು ಒಳ್ಳೆಯದೆಂದು ತುಂಬಲು ಹೋದರೆ ಹಲವು ಕೀಬೋರ್ಡುಗಳು ತಿರಸ್ಕರಿಸುತ್ತವೆ.

ಎಲ್ಲಕ್ಕಿಂತ ಸ್ವಾರಸ್ಯಕರವಾದದ್ದು ಶ್ರುತಿ ತಪ್ಪುವ ತೊಂದರೆ. ವಿಡಿಯೊದಿಂದ ತೆಗೆದ ಧ್ವನಿ ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಳತೆಯದು. ಒಳ್ಳೆಯ ಯಂತ್ರ ಜಾತಕ ನೋಡಿ ಹೊಂದಿಸಿಕೊಳ್ಳುತ್ತದೆ. ಕೆಲವು ಹಾಗೆ ಮಾಡದೆ ಸೆಕೆಂಡಿಗೆ 44,100ರಂತೆಯೇ ಓದುತ್ತಾ ಹೋಗುತ್ತವೆ. ಆಗ 10 ಸೆಕೆಂಡಿನ ನಾದ 10.88 ಸೆಕೆಂಡಿಗೆ ಎಳೆಯುತ್ತದೆ. 240 ಹರ್ಟ್ಸ್‌ನ ಗಂಟೆ 220.5ಕ್ಕೆ ಇಳಿಯುತ್ತದೆ. ಕರಿ ಬಿಳಿ ಸೇರಿಸಿ ಎಣಿಸಿದರೆ ಒಂದು ಮನೆ ಕೆಳಗಿಳಿದಾಗ ಸುಮಾರು 226.5, ಎರಡು ಮನೆ ಇಳಿದಾಗ ಸುಮಾರು 213.8 ಹರ್ಟ್ಸ್. ನಮ್ಮ ಗಂಟೆ ಬಿದ್ದಿರುವುದು ಇವೆರಡರ ನಡುವೆ! ಆದ್ದರಿಂದಲೇ ‘ಟ್ರಾನ್ಸ್‌ಪೋಸ್’ ಗುಂಡಿಯನ್ನು ಎಷ್ಟು ಒತ್ತಿದರೂ ಶ್ರುತಿ ಕೂಡದು. ಕಡತವನ್ನೇ 44,100ಕ್ಕೆ ಪರಿವರ್ತಿಸಿ ತರಬೇಕು.

ಹಾಗಲ್ಲದೆ ಧ್ವನಿ ಸರಿಯಾಗಿ ಎರಡು ಮನೆಯೋ ಐದು ಮನೆಯೋ ಆಚೀಚೆ ಹೋಗಿದ್ದರೆ ರೋಗ ಬೇರೆ. ಈ ಧ್ವನಿ ಮೂಲದಲ್ಲಿ ಯಾವ ಮನೆಯದು ಎಂದು ಕೀಬೋರ್ಡಿಗೆ ತಿಳಿಸಬೇಕು. ಅದು ತಪ್ಪಿದೆ ಎಂದರ್ಥ. ಒಂದು ಸ್ಥಾಯಿ ಪೂರ್ತಿ ಮೇಲೇರಿ ಅವಧಿ ಅರ್ಧವಾಗಿದ್ದರೆ 22,050ರ ಕಡತವಿರಬಹುದೇ ಎಂದು ನೋಡಿ. ಮಕ್ಕಳಿಗೆ ಇದೊಂದು ಸೊಗಸಾದ ಪ್ರಯೋಗ. ಬೇಕಾದದ್ದು ಗಡಿಯಾರ ಮತ್ತು ಕಿವಿ, ಅಷ್ಟೇ.

‘ಜಾಗ ಸಾಲದು’ ಎಂಬ ಸಂದೇಶಕ್ಕೆ ಉತ್ತರ ಗುಣಾಕಾರದಲ್ಲಿದೆ. ಎರಡು ವಾಹಿನಿಯ ಸಿ.ಡಿ. ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 1,76,400 ಬೈಟ್, ನಿಮಿಷಕ್ಕೆ ಕೋಟಿಗೂ ಮಿಕ್ಕಿ. ಒಂದೇ ವಾಹಿನಿ ಮಾಡಿದರೆ ಅರ್ಧಕ್ಕರ್ಧ ಉಳಿತಾಯ. ತಂಬೂರಿಯ ನಾಲ್ಕು ತಂತಿಗಳ ಒಂದು ಸುತ್ತು ಸಾಕು, ಅದನ್ನೇ ಮರುಕಳಿಸುವಂತೆ ಮಾಡಬಹುದು. ಸುತ್ತು ಕೂಡುವಲ್ಲಿ ‘ಟಕ್’ ಎಂದರೆ ಕತ್ತರಿಸಿದ ಜಾಗದಲ್ಲಿ ಅಲೆಯ ಎರಡು ತುದಿಗಳು ಒಂದೇ ಎತ್ತರದಲ್ಲಿಲ್ಲ. ಅಲೆ ಸೊನ್ನೆಯ ಗೆರೆಯನ್ನು ದಾಟುವಲ್ಲಿ ಎರಡೂ ಕಡೆ ಕತ್ತರಿಸಿ ನೋಡಿ. ಇನ್ನು ಮನೆ ಒತ್ತಿದ ಮೇಲೆ ತಡವಾಗಿ ಸದ್ದು ಬಂದರೆ ಆರಂಭದ ಮೌನವನ್ನು ಕತ್ತರಿಸಿ ಹಾಕಿ.

ಯಾವುದೂ ಬಗೆಹರಿಯದಿದ್ದರೆ ಒಂದು ಪರೀಕ್ಷಾ ಕಡತ ತಯಾರಿಸಿ: ಒಂದೇ ಸೆಕೆಂಡ್, ಒಂದೇ ವಾಹಿನಿ, 16 ಬಿಟ್, 44,100, ಚಿಕ್ಕ ಇಂಗ್ಲಿಷ್ ಹೆಸರು. ಅದು ನುಡಿದರೆ ಕೀಬೋರ್ಡ್ ಸರಿಯಿದೆ. ಅಲ್ಲಿಂದ ಒಂದೊಂದೇ ಅಂಶವನ್ನು ಬದಲಿಸುತ್ತಾ ಹೋಗಿ, ಒಟ್ಟಿಗೆ ಎರಡನ್ನು ಬೇಡ. ಅದೂ ನುಡಿಯದಿದ್ದರೆ ಬೇರೊಂದು ಡ್ರೈವಿನಲ್ಲಿ ಪ್ರಯತ್ನಿಸಿ, ಕೈಪಿಡಿಯ ಸ್ಯಾಂಪ್ಲಿಂಗ್ ಪುಟವನ್ನು ಓದಿ. ಆಮೇಲೆ ಅಪ್ಪ ಧಾರಾಳವಾಗಿ ಅಂಗಡಿಗೆ ಹೋಗಲಿ, ಜತೆಗೆ ಆ ಪರೀಕ್ಷಾ ಕಡತವಿರುವ ಡ್ರೈವನ್ನೂ ಒಯ್ಯಲಿ.